ಮೂವತ್ತು ಡಾಲರ್ ಪರವಾನಗಿಗೆ ಸಿಗುವ ಕಾವಲು: ಟೆಕ್ಸಾಸ್ ಗೇಮ್ ವಾರ್ಡನ್‌ಗಳ ಸೇವೆ

ಟೆಕ್ಸಾಸ್‌ನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಗಾಳ ಹಾಕುವ ಹವ್ಯಾಸದವರು ಸಾಕಷ್ಟು ಮಂದಿ ಇದ್ದಾರೆ. ಕರಾವಳಿಯಿಂದ ಬಂದವರಿಗೂ, ಕಾವೇರಿ, ತುಂಗಭದ್ರೆಯರ ದಂಡೆಯ ಊರುಗಳಲ್ಲಿ ಬೆಳೆದವರಿಗೂ ನೀರು ಕಂಡರೆ ಕೈ ಸುಮ್ಮನಿರುವುದಿಲ್ಲ. ಇಲ್ಲಿ ಗಾಳ ಹಾಕುವುದಕ್ಕೂ ಪರವಾನಗಿ ಬೇಕು, ಅದನ್ನು ಕೇಳಲು ಸೊಂಟದಲ್ಲಿ ಪಿಸ್ತೂಲು ಧರಿಸಿದ ಅಧಿಕಾರಿ ಬರುತ್ತಾರೆ ಎಂದು ಕೇಳಿಯೇ ಹವ್ಯಾಸ ಬಿಟ್ಟವರನ್ನು ಕಂಡಿದ್ದೇನೆ. ಏನನ್ನೂ ವಿಚಾರಿಸದೆ ಬಲೆ ಹೊತ್ತು ಹೊರಡುವವರನ್ನೂ ಕಂಡಿದ್ದೇನೆ. ಇಬ್ಬರಿಗೂ ಉಪಯೋಗವಾಗಲಿ ಎಂದು ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯ ಮೀನು ಪರವಾನಗಿ, ಅದರ ನಿಯಮಗಳ ಆ್ಯಪ್, ದೋಣಿ ಚಾಲನೆಯ ತರಬೇತಿ ಹಾಗೂ ಇವೆಲ್ಲದರ ಬೆನ್ನಿಗೆ ನಿಂತಿರುವ ಗೇಮ್ ವಾರ್ಡನ್‌ಗಳ ಕೆಲಸವನ್ನು, ನಾವು ಹಣ ಕೊಟ್ಟು ಪಡೆಯುವ ಒಂದು ಸೇವೆಯೆಂದೇ ಪರಿಗಣಿಸಿ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ರಾಜ್ಯದಲ್ಲಿ ನಾನು ಬಳಸಿದ ಸರ್ಕಾರಿ ಸೇವೆಗಳಲ್ಲಿ ಇಷ್ಟು ನಂಬಿಕೆ ಹುಟ್ಟಿಸಿದ್ದು ಇನ್ನೊಂದಿಲ್ಲ. ದೊಡ್ಡದೊಂದು ಲೋಪವೂ ಇದರಲ್ಲಿದೆ. ಅದನ್ನು ಕೊನೆಯಲ್ಲಿ ವಿವರಿಸುತ್ತೇನೆ.

ಗೇಮ್ ವಾರ್ಡನ್ ಎಂದರೆ ನಮ್ಮ ಅರಣ್ಯ ಇಲಾಖೆಯ ಗಾರ್ಡ್ ಇದ್ದಂತೆ ಎಂದು ಅನೇಕರು ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ಇವರು ರಾಜ್ಯದ ಪೂರ್ಣ ಅಧಿಕಾರವುಳ್ಳ ಪೊಲೀಸ್ ಅಧಿಕಾರಿಗಳು. ಮೀನು, ಬೇಟೆ ಮತ್ತು ಜಲಸುರಕ್ಷತೆಯ ಕಾನೂನುಗಳು ಅವರ ಮುಖ್ಯ ಹೊಣೆಯಾದರೂ, ಯಾವ ಅಪರಾಧ ಕಣ್ಣಿಗೆ ಬಿದ್ದರೂ ಬಂಧಿಸುವ ಅಧಿಕಾರ ಅವರಿಗಿದೆ. 1895ರಲ್ಲಿ ಟೆಕ್ಸಾಸ್ ಶಾಸನಸಭೆ ಮೀನು ಮತ್ತು ಸಿಂಪಿಗಳ ರಕ್ಷಣೆಗೆಂದು ಸ್ಥಾಪಿಸಿದ ಕಚೇರಿಯಿಂದ ಈ ವ್ಯವಸ್ಥೆ ಬೆಳೆದು ಬಂತು. 1919ರಲ್ಲಿ ಇಡೀ ರಾಜ್ಯಕ್ಕೆ ಆರೇ ವಾರ್ಡನ್‌ಗಳಿದ್ದರು. ಇಂದು ಅವರ ಸಂಖ್ಯೆ ಸುಮಾರು 550. ಆದರೆ ರಾಜ್ಯದಲ್ಲಿ 254 ಕೌಂಟಿಗಳಿವೆ, ನೂರಾರು ಜಲಾಶಯಗಳಿವೆ, ಮೆಕ್ಸಿಕೊ ಕೊಲ್ಲಿಯ ಉದ್ದನೆಯ ಕಡಲ ತೀರವೂ ಇದೆ. 2017ರಲ್ಲಿ ಹಾರ್ವೆ ಚಂಡಮಾರುತ ಹ್ಯೂಸ್ಟನ್ ನಗರವನ್ನು ಮುಳುಗಿಸಿದಾಗ ದೋಣಿಗಳನ್ನು ತಂದು ಮನೆಮನೆಯಿಂದ ಜನರನ್ನು ಹೊತ್ತು ತಂದವರಲ್ಲಿ ಇವರೂ ಇದ್ದರು. ಅಂದು ಅಲ್ಲಿದ್ದ ನಮ್ಮವರಿಗೆ ಆ ಸಮವಸ್ತ್ರದ ಪರಿಚಯ ಚೆನ್ನಾಗಿಯೇ ಇರುತ್ತದೆ.

ಈಗ ಪರವಾನಗಿಯ ಮಾತು. ಸಿಹಿನೀರಿನ ಮೀನಿಗೆ ರಾಜ್ಯದ ನಿವಾಸಿಗಳು ವರ್ಷಕ್ಕೆ 30 ಡಾಲರ್ ಕೊಡಬೇಕು, ಹೊರಗಿನವರು 58 ಡಾಲರ್. ಒಂದೇ ದಿನದ ಪರವಾನಗಿಯೂ ಇದೆ: ನಿವಾಸಿಗೆ 11, ಹೊರಗಿನವರಿಗೆ 16 ಡಾಲರ್. ಕೆಲಸಕ್ಕೆಂದು ಈಚೆಗೆ ಇಲ್ಲಿಗೆ ಬಂದವರು ಒಂದು ವಿಷಯವನ್ನು ಗಮನಿಸಬೇಕು. ಮನೆ ಬಾಡಿಗೆಗೆ ಪಡೆದ ಮಾತ್ರಕ್ಕೆ ನೀವು ನಿವಾಸಿಗಳಾಗುವುದಿಲ್ಲ. ಅರ್ಜಿ ಹಾಕುವ ದಿನಕ್ಕೆ ಮುಂಚೆ ಆರು ತಿಂಗಳಿಗೂ ಹೆಚ್ಚು ಕಾಲ ಸತತವಾಗಿ ಟೆಕ್ಸಾಸ್‌ನಲ್ಲಿ ವಾಸವಿದ್ದಿರಬೇಕು. ಪರವಾನಗಿಯ ವರ್ಷ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ ನಡೆಯುತ್ತದೆಯಾದ್ದರಿಂದ ಜುಲೈ ತಿಂಗಳಿನಲ್ಲಿ ಕೊಂಡವರಿಗೆ ಎರಡೇ ತಿಂಗಳು ಸಿಗುತ್ತದೆ. 17 ವರ್ಷದೊಳಗಿನ ಮಕ್ಕಳಿಗೆ ಪರವಾನಗಿ ಬೇಕಿಲ್ಲ. ರಾಜ್ಯ ಉದ್ಯಾನಗಳ ಒಳಗೆ ದಂಡೆಯ ಮೇಲೆ ನಿಂತು ಗಾಳ ಹಾಕುವ ದೊಡ್ಡವರಿಗೂ ಬೇಕಿಲ್ಲ. ಊರಿನಿಂದ ಅಪ್ಪ, ಅಮ್ಮ ಬಂದಿದ್ದಾಗ ನಾಲ್ಕು ಗಂಟೆ ನೀರಿನ ಬಳಿ ಕೂರಿಸಿ, ಅವರ ಕೈಗೂ ಒಂದು ಕೋಲು ಕೊಡಬೇಕೆಂದರೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಈ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಮಾಧಾನ ತರುವಂತಿದೆ. ಪರವಾನಗಿಯ ಶುಲ್ಕವನ್ನು ಮೀನು, ವನ್ಯಜೀವಿ ಮತ್ತು ಜಲಸುರಕ್ಷತೆಗೆಂದೇ ಮೀಸಲಾದ ಖಾತೆಯಲ್ಲಿ ಇಡಲಾಗುತ್ತದೆ. ಇದಲ್ಲದೆ 1950ರ ಒಂದು ಕೇಂದ್ರ ಕಾಯ್ದೆಯ ಪ್ರಕಾರ ಗಾಳ, ಕೋಲು, ರೀಲುಗಳ ತಯಾರಕರಿಂದ ವಸೂಲಾಗುವ ತೆರಿಗೆಯ ಪಾಲು ರಾಜ್ಯಗಳಿಗೆ ಮೀನು ಸಂರಕ್ಷಣೆಗೆಂದು ಹಂಚಿಕೆಯಾಗುತ್ತದೆ. ನಗರದೊಳಗಿನ ಚಿಕ್ಕ ಕೆರೆಗಳಿಗೆ ಬೇಸಿಗೆಯಲ್ಲಿ ಕ್ಯಾಟ್‌ಫಿಶ್, ಚಳಿಗಾಲದಲ್ಲಿ ರೇನ್‌ಬೋ ಟ್ರೌಟ್ ಮೀನುಗಳನ್ನು ತಂದು ಬಿಡುವ ಯೋಜನೆ ಇಂತಹ ಹಣದಿಂದಲೇ ನಡೆಯುತ್ತದೆ. ಕೊಟ್ಟ ಹಣ ಮೀನಿನ ರೂಪದಲ್ಲಿ ಮನೆಯ ಹತ್ತಿರದ ಕೆರೆಗೇ ಮರಳಿ ಬರುವುದರಿಂದ ಮೂವತ್ತು ಡಾಲರ್ ನನಗೆ ದುಬಾರಿ ಎನ್ನಿಸಿಲ್ಲ.

ಹೊಸಬರಿಗೆ ತಲೆನೋವು ತರುವುದು ಮೀನಿನ ನಿಯಮಗಳು. ಅವು ಕಷ್ಟ ಎಂಬುದು ನಿಜ, ಆದರೆ ಅರ್ಥವಿಲ್ಲದವಲ್ಲ. ರಾಜ್ಯದ ಸಾಮಾನ್ಯ ನಿಯಮದಂತೆ ಲಾರ್ಜ್‌ಮೌತ್ ಬಾಸ್ ಮೀನು ಕನಿಷ್ಠ 14 ಇಂಚು ಉದ್ದವಿರಬೇಕು, ದಿನಕ್ಕೆ ಐದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಆದರೆ ಲೇಕ್ ಫೋರ್ಕ್ ಜಲಾಶಯಕ್ಕೆ ಹೋದರೆ ನಿಯಮವೇ ಬೇರೆ: 16ರಿಂದ 24 ಇಂಚಿನ ನಡುವಿನ ಬಾಸ್ ಮೀನನ್ನು ಮರಳಿ ನೀರಿಗೆ ಬಿಡಲೇಬೇಕು, 24 ಇಂಚು ಮೀರಿದ ಮೀನು ದಿನಕ್ಕೆ ಒಂದೇ. ಮೊಟ್ಟೆಯಿಡುವ ವಯಸ್ಸಿನ ಗಟ್ಟಿ ಮೀನುಗಳನ್ನು ಕಾಪಾಡುವುದು ಇದರ ಉದ್ದೇಶ. ಫಲ ಸಿಕ್ಕಿದೆ ಎಂಬುದಕ್ಕೆ, ರಾಜ್ಯದ ದಾಖಲೆಯಾದ 18.18 ಪೌಂಡ್ ತೂಕದ ಬಾಸ್ 1992ರಲ್ಲಿ ಅದೇ ಕೆರೆಯಲ್ಲಿ ಸಿಕ್ಕಿತೆಂಬುದನ್ನು ನೆನೆಯಬಹುದು.

ಅಳತೆಯ ಕ್ರಮವನ್ನೂ ಇಲಾಖೆ ಬಿಡಿಸಿ ಹೇಳಿದೆ. ಮೀನನ್ನು ಮಗ್ಗುಲಾಗಿ ಮಲಗಿಸಿ, ಬಾಯಿ ಮುಚ್ಚಿಸಿ, ಬಾಲದ ಎರಡು ಎಸಳುಗಳನ್ನು ಬೆರಳಿನಿಂದ ಒತ್ತಿ ಸೇರಿಸಿದಾಗ ಬರುವ ಅತಿ ಹೆಚ್ಚಿನ ಉದ್ದವೇ ಲೆಕ್ಕಕ್ಕೆ. ಬಾಲ ಬಿಡಿಸಿಕೊಂಡಿರುವಾಗ ಹದಿಮೂರು ಮುಕ್ಕಾಲು ಇಂಚು ತೋರುವ ಮೀನು ಒತ್ತಿದಾಗ ಹದಿನಾಲ್ಕು ದಾಟುವುದುಂಟು. ಅಂದರೆ ಸರಿಯಾಗಿ ಅಳೆಯುವುದರಿಂದ ಮೀನು ಹಿಡಿದವನಿಗೂ ಲಾಭವೇ.

ನಮ್ಮ ಜನ ಹೆಚ್ಚು ಎಡವುವುದು ಮೀನನ್ನು ಶುಚಿ ಮಾಡುವ ವಿಷಯದಲ್ಲಿ. ಹಿಡಿದ ಕೂಡಲೇ ದೋಣಿಯಲ್ಲೇ ತಲೆ ತೆಗೆದು, ಪೊರೆ ಹೆರೆದು, ಹೋಳು ಮಾಡಿ, ಅರಿಸಿನ ಉಪ್ಪು ಸವರಿ ಡಬ್ಬಿಗೆ ತುಂಬಿಕೊಂಡು ಮನೆಗೆ ಹೋಗುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಉದ್ದದ ಮಿತಿಯಿರುವ ಮೀನಾಗಿದ್ದರೆ ದಡ ಸೇರುವವರೆಗೆ ತಲೆಯನ್ನೂ ಬಾಲವನ್ನೂ ತೆಗೆಯುವಂತಿಲ್ಲ, ಏಕೆಂದರೆ ಹೋಳನ್ನು ಅಳೆಯಲು ಯಾವ ಅಧಿಕಾರಿಗೂ ಆಗುವುದಿಲ್ಲ. ಟಿಲಾಪಿಯಾದ ವಿಷಯದಲ್ಲಿ ಇದಕ್ಕೆ ನೇರ ವಿರುದ್ಧವಾದ ನಿಯಮವಿದೆ. ನಮ್ಮೂರ ಕೆರೆಗಳಲ್ಲಿ ಜಿಲೇಬಿ ಮೀನು ಎಂದು ಕರೆಯುವ ಈ ಮೀನು ಇಲ್ಲಿನದಲ್ಲ, ಹೊರಗಿನಿಂದ ಬಂದು ಸ್ಥಳೀಯ ಮೀನುಗಳ ಜಾಗ ಆಕ್ರಮಿಸುವಂಥದ್ದು. ಆದ್ದರಿಂದ ಇಟ್ಟುಕೊಳ್ಳುವುದಾದರೆ ಹಿಡಿದ ಕೂಡಲೇ ಕೊಲ್ಲಬೇಕು, ಜೀವಂತವಾಗಿ ಬಕೆಟ್‌ನಲ್ಲಿ ಒಯ್ಯುವಂತಿಲ್ಲ. ಬೀಸುಬಲೆಯ ಬಗ್ಗೆಯೂ ಒಂದು ಮಾತು. ಬಲೆ ಬೀಸುವುದು ಪೂರ್ತಿ ನಿಷಿದ್ಧವಲ್ಲ, ಆದರೆ ಬಲೆಯ ವ್ಯಾಸ 14 ಅಡಿ ಮೀರಬಾರದು ಮತ್ತು ಅದರಲ್ಲಿ ಬಾಸ್, ಕ್ರ್ಯಾಪಿ, ಕ್ಯಾಟ್‌ಫಿಶ್‌ನಂಥ ಮೀನು ಬಿದ್ದರೆ ಬಿಟ್ಟುಬಿಡಬೇಕು.

ಇಷ್ಟೆಲ್ಲವನ್ನು ನೆನಪಿಡುವುದು ಹೇಗೆ ಎಂದು ಕೇಳುವವರಿಗೆ ಇಲಾಖೆಯ ಔಟ್‌ಡೋರ್ ಆ್ಯನ್ಯುಅಲ್ ಆ್ಯಪ್ ಇದೆ, ಉಚಿತ. ಇಂಟರ್‌ನೆಟ್ ಇಲ್ಲದ ಜಾಗದಲ್ಲೂ ನಡೆಯುತ್ತದೆ ಎಂಬುದು ಇದರ ದೊಡ್ಡ ಗುಣ, ಏಕೆಂದರೆ ಒಳ್ಳೆಯ ಮೀನಿರುವ ಎಷ್ಟೋ ಕೊಲ್ಲಿಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಕೆರೆಯ ಹೆಸರಿನಿಂದ ಹುಡುಕಿದರೆ ಅಲ್ಲಿಗೆ ಅನ್ವಯಿಸುವ ವಿಶೇಷ ನಿಯಮ ಸಿಗುತ್ತದೆ. ಜನರಿಗೆ ತಿಳಿದಿರುವ ನಿಯಮವನ್ನು ಜನ ಪಾಲಿಸುತ್ತಾರೆ ಎಂಬುದಕ್ಕೆ ಬೇರೆಲ್ಲೂ ಹುಡುಕಬೇಕಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ ಎಂಬುದು ಮಲ್ಪೆಯಿಂದ ಕಾರವಾರದವರೆಗೆ ಮಕ್ಕಳಿಗೂ ಗೊತ್ತು; ತಾರೀಖು ಖಚಿತವಾಗಿರುವುದರಿಂದಲೇ ಅದರ ಸುತ್ತ ಇಡೀ ಕಸುಬು ಹೊಂದಿಕೊಂಡಿದೆ. ನಮ್ಮ ಒಳನಾಡಿನ ಕೆರೆ, ಹೊಳೆಗಳಲ್ಲಿ ಯಾವ ಮೀನನ್ನು ಎಷ್ಟು ಹಿಡಿಯಬಹುದು ಎಂದು ಬೆರಳ ತುದಿಯಲ್ಲಿ ತಿಳಿಯುವಂಥ ಇಂತಹದೊಂದು ಆ್ಯಪ್ ಕನ್ನಡದಲ್ಲಿ ಬಂದರೆ ಎಷ್ಟು ಚೆನ್ನಾಗಿರುತ್ತದೆ ಎಂದು ಪ್ರತಿಬಾರಿಯೂ ಅಂದುಕೊಳ್ಳುತ್ತೇನೆ.

ಇನ್ನು ವಾರ್ಡನ್‌ಗಳ ನೇರ ಅನುಭವ. ಆಸ್ಟಿನ್ ನಗರದ ಪಕ್ಕದ ಲೇಕ್ ಟ್ರಾವಿಸ್ ಜಲಾಶಯದಲ್ಲಿ ನಾವು ಎರಡು ಮನೆಯವರು ಸೇರಿ ತೇಲುಕೊಳವೆಗಳ ಮೇಲೆ ಚಪ್ಪಟೆ ಅಟ್ಟವಿರುವ ಒಂದು ಪೊಂಟೂನ್ ದೋಣಿಯನ್ನು ಬಾಡಿಗೆಗೆ ಪಡೆದಿದ್ದೆವು. ಬಾಡಿಗೆಯ ಸಂಸ್ಥೆಯ ಸಿಬ್ಬಂದಿ ತಲೆ ಎಣಿಸಿ ಅಷ್ಟೇ ಲೈಫ್ ಜಾಕೆಟ್‌ಗಳನ್ನು ಕೊಟ್ಟು, ಸಹಿ ಹಾಕಿಸಿಕೊಂಡು ಕಳುಹಿಸಿದರು. ನೀರಿಗೆ ಇಳಿದು ಸ್ವಲ್ಪ ಹೊತ್ತಿಗೆ ಗೇಮ್ ವಾರ್ಡನ್ ದೋಣಿ ಪಕ್ಕಕ್ಕೆ ಬಂತು. ಅಧಿಕಾರಿ ತಮ್ಮ ಪರಿಚಯ ಹೇಳಿ, ಎಂಜಿನ್ ನಿಲ್ಲಿಸಲು ತಿಳಿಸಿ, ಗಾಳಗಳನ್ನು ಕಂಡು ಪರವಾನಗಿ ಕೇಳಿದರು. ಮೊಬೈಲಿನಲ್ಲಿ ತೋರಿಸಿದೆವು, ಒಪ್ಪಿದರು. ಆಮೇಲೆ ನೀರಿಗೆ ಬಿದ್ದವರತ್ತ ಎಸೆಯುವ ತೇಲುದಿಂಬು, ಬೆಂಕಿ ನಂದಿಸುವ ಸಾಧನ, ಹಾರ್ನ್ ಇವನ್ನು ಒಂದೊಂದಾಗಿ ನೋಡಿದರು. ಹಾಸನದಿಂದ ಬಂದಿದ್ದ ಗೆಳೆಯನ ತಾಯಿ ಮೆಲ್ಲಗೆ, "ಏನಪ್ಪಾ, ದಂಡ ಹಾಕ್ತಾರಾ?" ಎಂದು ಕೇಳಿದರು. "ಇಲ್ಲಮ್ಮ, ಎಲ್ಲಾ ಸರಿಯಾಗಿದ್ಯಾ ಅಂತ ನೋಡ್ತಿದ್ದಾರೆ ಅಷ್ಟೆ" ಎಂದೆ.

ಅಷ್ಟರಲ್ಲಿ ಅಧಿಕಾರಿಯ ದೃಷ್ಟಿ ಗೆಳೆಯನ ಎಂಟು ವರ್ಷದ ಮಗಳ ಮೇಲೆ ಬಿತ್ತು. ಜಾಕೆಟ್ ತೊಟ್ಟಿದ್ದಳು, ಬಕಲ್‌ಗಳೆಲ್ಲ ಹಾಕಿದ್ದವು. ಅವರು ತಂದೆಯ ಅನುಮತಿ ಕೇಳಿ, ಬಾಗಿ, ಜಾಕೆಟ್‌ನ ಎರಡೂ ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎತ್ತಿದರು. ಜಾಕೆಟ್ ಮೇಲೆ ಬಂತು, ಹುಡುಗಿ ಬರಲಿಲ್ಲ; ಅವಳ ಗಲ್ಲ, ಕಿವಿ ಎರಡೂ ಜಾಕೆಟ್‌ನೊಳಗೆ ಮುಳುಗಿಹೋದವು. ಒಳಮಗ್ಗುಲಿನ ಪಟ್ಟಿಯನ್ನು ತಿರುವಿ ಅದರ ಮೇಲಿನ ತೂಕದ ಮಿತಿಯನ್ನು ಬೆರಳಿಟ್ಟು ಓದಿ ತೋರಿಸಿದರು: ಅದು ದೊಡ್ಡವರ ಅಳತೆಯದು. ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮಗು ಅದರೊಳಗಿಂದ ಜಾರುತ್ತದೆ ಎಂದು ನಮಗೂ ಮಗುವಿಗೂ ಅರ್ಥವಾಗುವಂತೆ ವಿವರಿಸಿದರು. ಅಲ್ಲಿಂದ ಮುಂದೆ ಹೋಗಲು ಬಿಡದೆ ನಮ್ಮ ಜೊತೆಗೇ ದಕ್ಕೆಯವರೆಗೆ ಬಂದು, ಮಗುವಿನ ತೂಕಕ್ಕೆ ಸರಿಯಾದ ಜಾಕೆಟ್ ಕೊಡಿಸಿ, ಮತ್ತೊಮ್ಮೆ ಭುಜ ಎತ್ತಿ ನೋಡಿ, ನಮಗೆ ಎಚ್ಚರಿಕೆಯ ಚೀಟಿಯನ್ನಷ್ಟೇ ಬರೆದುಕೊಟ್ಟರು. ಬಾಡಿಗೆ ಸಂಸ್ಥೆಯವರೊಂದಿಗೆ ಅವರು ಆಡಿದ ಮಾತು ಬೇರೆ ಧಾಟಿಯಲ್ಲಿತ್ತು. ಭುಜ ಎತ್ತಿ ನೋಡುವ ಈ ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ. ಮಕ್ಕಳಿರುವ ಪ್ರತಿಯೊಬ್ಬರೂ ದಕ್ಕೆ ಬಿಡುವ ಮೊದಲೇ ಇದನ್ನು ಮಾಡಿಕೊಳ್ಳಬೇಕು.

26 ಅಡಿಗಿಂತ ಚಿಕ್ಕ ದೋಣಿ ಚಲಿಸುತ್ತಿರುವಾಗ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟಿರಲೇಬೇಕು ಎಂಬುದು ಟೆಕ್ಸಾಸ್ ಕಾನೂನು. ದೊಡ್ಡವರಿಗೆ ತಲೆಗೊಂದರಂತೆ ದೋಣಿಯಲ್ಲಿ ಇದ್ದರೆ ಸಾಕು, ತೊಡಬೇಕಿಲ್ಲ. ಇದು ಈಜು ಬಲ್ಲವರ ನಾಡಿಗೆ ಮಾಡಿದ ನಿಯಮ. ನಮ್ಮಲ್ಲಿ ಈಜು ಕಲಿಯದೆ ಬೆಳೆದವರೇ ಹೆಚ್ಚಿರುವಾಗ, ಕಾನೂನು ಬಿಟ್ಟುಕೊಟ್ಟ ಸಡಿಲಿಕೆಯನ್ನು ನಾವು ಬಳಸಿಕೊಳ್ಳಬಾರದು. ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಗೆ 2019ರ ಜನವರಿಯಲ್ಲಿ ಹೋಗಿದ್ದವರ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡದ್ದನ್ನು ಉತ್ತರ ಕನ್ನಡದವರು ಯಾರೂ ಮರೆತಿಲ್ಲ. ಸಾಮರ್ಥ್ಯ ಮೀರಿ ಜನರನ್ನು ಹತ್ತಿಸಿಕೊಂಡು ಹೊರಟ ದೋಣಿಯನ್ನು ತಡೆದು ನಿಲ್ಲಿಸುವ ಒಬ್ಬ ಅಧಿಕಾರಿ ದಕ್ಕೆಯಲ್ಲಿ ಇದ್ದಿದ್ದರೆ ಎಂಬ ಯೋಚನೆ, ಇಲ್ಲಿ ವಾರ್ಡನ್ ದೋಣಿಯನ್ನು ಕಂಡಾಗಲೆಲ್ಲ ನನಗೆ ಬರುತ್ತದೆ.

ಹೀಗೆ ಮುಂಚಿತವಾಗಿ ಯಾವ ಅನುಮಾನವೂ ಇಲ್ಲದೆ ದೋಣಿಯನ್ನು ನಿಲ್ಲಿಸಿ ಪರಿಶೀಲಿಸುವ ಅಧಿಕಾರ ಅಧಿಕಾರಿಗಳಿಗೆ ಇರಬೇಕೇ ಎಂಬ ಚರ್ಚೆ ಅಮೆರಿಕದಲ್ಲಿ ಬಿಸಿಯಾಗಿದೆ. ಫ್ಲಾರಿಡಾ ರಾಜ್ಯವು 2025ರಲ್ಲಿ ಕಾಯ್ದೆ ಮಾಡಿ, ಅಪರಾಧ ನಡೆದಿದೆ ಎನ್ನಲು ತಕ್ಕ ಕಾರಣವಿಲ್ಲದೆ ಬರಿಯ ಸುರಕ್ಷತಾ ತಪಾಸಣೆಗೆಂದು ದೋಣಿ ನಿಲ್ಲಿಸುವುದನ್ನು ತಡೆದಿದೆ. ಸ್ವಾತಂತ್ರ್ಯದ ದೃಷ್ಟಿಯಿಂದ ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಬಣ್ಣ ನೋಡಿ, ಉಚ್ಚಾರಣೆ ಕೇಳಿ ತಡೆಯುವ ಅಧಿಕಾರಿಯ ಭಯ ವಲಸೆ ಬಂದವರಿಗೆ ಇರುವುದು ಸಹಜ. ಆದರೂ ನಾನು ಟೆಕ್ಸಾಸ್ ಪದ್ಧತಿಯ ಪರವಾಗಿಯೇ ಇದ್ದೇನೆ. ಆ ಮಗು ಜಾಕೆಟ್ ತೊಟ್ಟೇ ಇದ್ದಳು. ದೂರದಿಂದ ನೋಡಿದವರಿಗೆ ಯಾವ ತಪ್ಪೂ ಕಾಣುವಂತಿರಲಿಲ್ಲ. ಹತ್ತಿರ ಬಂದು ಕೈಯಿಟ್ಟು ನೋಡದಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ. ನಮ್ಮ ಅಕ್ಕಪಕ್ಕದ ದೋಣಿಗಳನ್ನೂ ಅಂದು ಅದೇ ಕ್ರಮದಲ್ಲಿ ತಪಾಸಣೆ ಮಾಡಿದ್ದನ್ನು ನಾವು ಕಂಡೆವು.

ಮದ್ಯದ ವಿಷಯದಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ. ದೋಣಿಯಲ್ಲಿ ಬಿಯರ್ ಇಟ್ಟುಕೊಳ್ಳುವುದು ಅಪರಾಧವಲ್ಲ, ಇದರಿಂದಲೇ ಕೆಲವರು ಎಲ್ಲವೂ ನಡೆಯುತ್ತದೆ ಎಂದುಕೊಳ್ಳುತ್ತಾರೆ. ನಡೆಸುವವರ ರಕ್ತದಲ್ಲಿ ಮದ್ಯದ ಪ್ರಮಾಣ ಶೇಕಡಾ 0.08 ಮುಟ್ಟಿದರೆ ಕಾರಿನಲ್ಲಿ ಇರುವಷ್ಟೇ ಗಂಭೀರ ಅಪರಾಧ: ಮೊದಲ ಸಲವೇ 180 ದಿನಗಳವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ ಆಗಬಹುದು. ವೀಸಾದ ಮೇಲೆ ಇರುವವರಿಗೆ ಇದರ ಪರಿಣಾಮ ಜೈಲಿಗಷ್ಟೇ ನಿಲ್ಲುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಜುಲೈ 4ರ ಆಸುಪಾಸಿನಲ್ಲಿ ದೇಶಾದ್ಯಂತ ಇದಕ್ಕೆಂದೇ ವಿಶೇಷ ಗಸ್ತು ನಡೆಯುತ್ತದೆ.

ಸ್ವಂತ ದೋಣಿ ಇರುವವರು ಜೀಬ್ರಾ ಮಸಲ್ ಎಂಬ ಚಿಕ್ಕ ಚಿಪ್ಪುಜೀವಿಯ ಬಗ್ಗೆ ತಿಳಿದಿರಬೇಕು. 2009ರಲ್ಲಿ ಲೇಕ್ ಟೆಕ್ಸೋಮಾದಲ್ಲಿ ಮೊದಲು ಕಂಡ ಇದು 2017ರ ವೇಳೆಗೆ ಲೇಕ್ ಟ್ರಾವಿಸ್ ತಲುಪಿತು. ಇದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ದೋಣಿಯ ತಳದಲ್ಲಿ, ಮೀನಿನ ತೊಟ್ಟಿಯಲ್ಲಿ ಉಳಿದ ನೀರಿನೊಂದಿಗೆ ಇನ್ನೊಂದು ಕೆರೆಗೆ ಸಾಗಿ, ಕೊಳವೆಗಳೊಳಗೆ ಪದರ ಪದರವಾಗಿ ಬೆಳೆದು ನೀರು ಸರಬರಾಜನ್ನೇ ಕಟ್ಟಿಹಾಕುತ್ತವೆ. ಆದ್ದರಿಂದ ಯಾವ ಕೆರೆಯಿಂದ ಹೊರಟರೂ ನೀರನ್ನೆಲ್ಲ ಬಸಿದು ಹೋಗಬೇಕೆಂಬ ನಿಯಮ 2014ರಿಂದ ರಾಜ್ಯದಾದ್ಯಂತ ಇದೆ, ವಾರ್ಡನ್‌ಗಳು ಅದನ್ನೂ ನೋಡುತ್ತಾರೆ.

ಈಗ ನಾನು ಆರಂಭದಲ್ಲಿ ಹೇಳಿದ ಲೋಪ. 15 ಅಶ್ವಶಕ್ತಿಗಿಂತ ಹೆಚ್ಚಿನ ದೋಣಿ ನಡೆಸಲು ತರಬೇತಿಯ ಪ್ರಮಾಣಪತ್ರ ಬೇಕೆಂಬ ನಿಯಮ ಇರುವುದು 1993ರ ಸೆಪ್ಟೆಂಬರ್ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಮಾತ್ರ. ಅದಕ್ಕೆ ಮುಂಚೆ ಹುಟ್ಟಿದವರಿಗೆ ದೋಣಿಯ ಅನುಭವ ಇದ್ದೇ ಇರುತ್ತದೆ ಎಂಬ ಊಹೆ ಇದರ ಹಿಂದಿರಬಹುದು. ಟೆಕ್ಸಾಸ್‌ನಲ್ಲೇ ಹುಟ್ಟಿ ಬೆಳೆದವರ ಮಟ್ಟಿಗೆ ಅದು ಅಷ್ಟಿಷ್ಟು ನಿಜವೂ ಇರಬಹುದು. ಆದರೆ ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಬೆಳೆದು, ನಲವತ್ತು ದಾಟಿದ ಮೇಲೆ ಇಲ್ಲಿಗೆ ಬಂದು, ದೋಣಿಯ ಚುಕ್ಕಾಣಿಯನ್ನು ಜೀವಮಾನದಲ್ಲಿ ಮುಟ್ಟಿರದ ವ್ಯಕ್ತಿ, ಹುಟ್ಟಿದ ವರ್ಷ ಒಂದರ ಬಲದಿಂದಲೇ ಹನ್ನೆರಡು ಜನರನ್ನು ಕೂರಿಸಿಕೊಂಡು ಹೊರಡಬಹುದು. ಚಿಕ್ಕಂದಿನಿಂದ ದೋಣಿ ನಡೆಸಿದ ಇಲ್ಲಿನ ಇಪ್ಪತ್ತೈದರ ಯುವಕನಿಗೆ ಮಾತ್ರ ಪ್ರಮಾಣಪತ್ರ ಬೇಕು. ಎದುರು ದೋಣಿ ಬಂದಾಗ ಯಾರು ದಾರಿ ಬಿಡಬೇಕು, ಕೆಂಪು ಹಸಿರು ತೇಲುಗುರುತುಗಳ ಯಾವ ಬದಿಯಲ್ಲಿ ಸಾಗಬೇಕು, ಎಂಜಿನ್ ತಾನಾಗಿ ನಿಲ್ಲುವಂತೆ ಮಾಡುವ ಬಳ್ಳಿಯನ್ನು ಮೈಗೆ ಏಕೆ ಕಟ್ಟಿಕೊಳ್ಳಬೇಕು ಎಂಬುದು ವಯಸ್ಸಿನಿಂದ ತಾನಾಗಿ ಬರುವ ತಿಳಿವಳಿಕೆಯಲ್ಲ. ವಾರ್ಡನ್‌ಗಳು ಎಷ್ಟೇ ಶ್ರಮಪಟ್ಟರೂ ಕಾನೂನಿನಲ್ಲೇ ಇರುವ ಈ ಕಂಡಿಯನ್ನು ಅವರು ಮುಚ್ಚಲಾರರು, ಮತ್ತು 550 ಮಂದಿ ಎಲ್ಲ ಕೆರೆಗಳಲ್ಲೂ ಇರಲಾರರು.

ಆದ್ದರಿಂದ ನಮ್ಮ ಕನ್ನಡ ಕೂಟಗಳವರಿಗೆ ಒಂದು ವಿನಂತಿ. ಬೇಸಿಗೆಯ ಕೆರೆ ವಿಹಾರಕ್ಕೆ ದೋಣಿ ಗೊತ್ತುಮಾಡುವಾಗ, ಊಟದ ಪಟ್ಟಿ ಹಾಕುವ ಮೊದಲೇ, ಚುಕ್ಕಾಣಿ ಹಿಡಿಯುವವರು ಯಾರೆಂದು ನಿರ್ಧರಿಸಿ, ಹುಟ್ಟಿದ ವರ್ಷ ಯಾವುದಿದ್ದರೂ ಅವರಿಂದ ಇಲಾಖೆ ಒಪ್ಪಿದ ಆನ್‌ಲೈನ್ ತರಬೇತಿಯನ್ನು ಮಾಡಿಸಿ. ಮಕ್ಕಳ ತೂಕವನ್ನು ಬರೆದುಕೊಂಡು ಹೋಗಿ, ಆ ತೂಕದ ಜಾಕೆಟ್‌ಗಳನ್ನೇ ಕೇಳಿ ಪಡೆಯಿರಿ. ಯಾರಾದರೂ ಮಿತಿಮೀರಿ ಮೀನು ಹಿಡಿಯುವುದನ್ನು ಕಂಡರೆ ನೀವೇ ಜಗಳಕ್ಕೆ ಹೋಗಬೇಡಿ; 1981ರಿಂದ ನಡೆಯುತ್ತಿರುವ ಆಪರೇಷನ್ ಗೇಮ್ ಥೀಫ್ ಎಂಬ ಸಹಾಯವಾಣಿಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಹೊಸ ವರ್ಷದ ಪರವಾನಗಿಗಳ ಮಾರಾಟ ಪ್ರತಿವರ್ಷ ಆಗಸ್ಟ್ 15ರಂದು ಆರಂಭವಾಗುತ್ತದೆ, ಇಲಾಖೆಯ ಜಾಲತಾಣದಲ್ಲಿಯೂ ಗಾಳದ ಸಾಮಾನು ಮಾರುವ ಅಂಗಡಿಗಳಲ್ಲಿಯೂ ಸಿಗುತ್ತದೆ.